ಮೂಳೆಗೊಂದು ವಯಸ್ಸು, ಸ್ನಾಯುವಿಗೆ ಎಲ್ಲ ವಯಸ್ಸು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿ ಅಪ್ಪಟ ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳ ಬದುಕು ನಿಂತಿರುವುದು ತೋಟದ ಫಸಲು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ ಹಾಗೂ ತಿಪಟೂರು ಮಾರುಕಟ್ಟೆಯ ಧಾರಣೆಯ ಮೇಲೆ. ಧಾರಣೆ ಏರಿದ ವರ್ಷ ಮಕ್ಕಳ ಕಾಲೇಜು ಫೀಸು ಸಲೀಸು; ಇಳಿದ ವರ್ಷ ಕೈಸಾಲ. ಆದ್ದರಿಂದಲೇ ಈ ಭಾಗದ ಮನೆಗಳಲ್ಲಿ ತಿಂಗಳ ಸಂಬಳದ ನೌಕರಿಗೆ ಬೆಲೆ ಹೆಚ್ಚು. ಪಿಯುಸಿ ಮುಗಿಸಿದ ಹುಡುಗರ ಕಣ್ಣಿಗೆ ಮೊದಲು ಬೀಳುವ ದಾರಿಗಳಲ್ಲಿ ಪೊಲೀಸ್ ಇಲಾಖೆ, ಅರೆಸೇನಾ ಪಡೆ ಮತ್ತು ಸೇನೆ ಸೇರಿವೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಹದಿನೇಳೂವರೆ ದಾಟಿದ ಹುಡುಗರ ಓಟದ ಅಭ್ಯಾಸ ಇನ್ನೂ ಬೇಗ ಶುರುವಾಗುತ್ತದೆ.

ಓಟಕ್ಕೆ ತಯಾರಿ ಇರುತ್ತದೆ, ಲಿಖಿತ ಪರೀಕ್ಷೆಗೆ ಪುಸ್ತಕಗಳಿರುತ್ತವೆ. ಆದರೆ ಹಲವರ ಕನಸು ಮುರಿಯುವುದು ಈ ಎರಡೂ ಅಲ್ಲದ ಮೂರನೆಯ ಕಡೆಯಲ್ಲಿ. ವೈದ್ಯರ ಮುಂದೆ ಕಾಲು ಜೋಡಿಸಿ ನಿಂತಾಗ ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಪಾದಗಳು ಮಾತ್ರ ಕೂಡುವುದಿಲ್ಲ. ‘ನಾಕ್ ನೀ’ ಎಂಬ ಎರಡಕ್ಷರದ ಷರಾ ಬೀಳುತ್ತದೆ. ಅಲ್ಲಿಯವರೆಗೆ ತನ್ನ ಕಾಲಿನಲ್ಲಿ ಕೊರತೆಯಿದೆ ಎಂಬುದೇ ಆ ಹುಡುಗನಿಗೆ ಗೊತ್ತಿರುವುದಿಲ್ಲ. ಓಡುತ್ತಿದ್ದ, ಆಡುತ್ತಿದ್ದ, ತೋಟದಲ್ಲಿ ಕಾಯಿ ಹೊರುತ್ತಿದ್ದ.

ಆಮೇಲೆ ಸಲಹೆಗಳ ಸುರಿಮಳೆ. ಮಂಡಿಗಳ ನಡುವೆ ದಿಂಬು ಇಟ್ಟು ಪಾದಗಳನ್ನು ಹಗ್ಗದಿಂದ ಬಿಗಿದು ಮಲಗು ಎನ್ನುವವರು ಒಬ್ಬರು. ಸೈಕಲ್ ತುಳಿ ಎನ್ನುವವರು ಇನ್ನೊಬ್ಬರು. ಎಣ್ಣೆ ನೀವಿಸು, ಪಟ್ಟಿ ಕಟ್ಟಿಸು, ‘ಮೂವತ್ತು ದಿನದಲ್ಲಿ ಕಾಲು ನೆಟ್ಟಗೆ’ ಎನ್ನುವ ವ್ಯಾಯಾಮ ಮಾಡು ಎನ್ನುವವರು ಮತ್ತಷ್ಟು ಮಂದಿ. ಹಣ ಖರ್ಚಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ವಯಸ್ಸು ಕಳೆಯುತ್ತದೆ. ಹಾಗಾದರೆ ವ್ಯಾಯಾಮದಿಂದ ಮಂಡಿ ನೆಟ್ಟಗಾಗುತ್ತದೆಯೇ? ಒಂದೇ ಮಾತಿನಲ್ಲಿ ಹೇಳುವುದಾದರೆ, ವ್ಯಾಯಾಮ ಬಲಿತ ಮೂಳೆಯನ್ನು ನೆಟ್ಟಗೆ ಮಾಡಲಾರದು. ಆದರೆ ಆ ಮೂಳೆಯನ್ನು ಹಿಡಿದು ನಡೆಸುವ ಸ್ನಾಯುವನ್ನು ಯಾವ ವಯಸ್ಸಿನಲ್ಲಾದರೂ ತಿದ್ದಬಲ್ಲದು. ಈ ಎರಡರ ವ್ಯತ್ಯಾಸ ತಿಳಿಯದಿರುವುದೇ ಅನೇಕ ಮನೆಗಳ ನಿರಾಶೆಗೆ ಮೂಲ.

ಗಿಡವಾಗಿ ಬಗ್ಗದ್ದು

ಮೂಳೆ ಮತ್ತು ಕೀಲಿನ ವೈದ್ಯಶಾಸ್ತ್ರಕ್ಕೆ ‘ಆರ್ಥೋಪೆಡಿಕ್ಸ್’ ಎಂಬ ಹೆಸರು ಬಂದದ್ದು 1741ರಲ್ಲಿ. ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಆ ವರ್ಷ ಪ್ರಕಟಿಸಿದ ಪುಸ್ತಕಕ್ಕಾಗಿ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿದ. ಒಂದರ ಅರ್ಥ ‘ನೆಟ್ಟಗೆ’, ಇನ್ನೊಂದರ ಅರ್ಥ ‘ಮಗು’. ಅವನ ಪುಸ್ತಕದಲ್ಲಿದ್ದ ಚಿತ್ರವೊಂದು ಇಂದಿಗೂ ಮೂಳೆ ವೈದ್ಯರ ಲಾಂಛನ: ಸೊಟ್ಟಗೆ ಬೆಳೆದ ಎಳೆಯ ಗಿಡವನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಕಟ್ಟಿದ ಚಿತ್ರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯನ್ನೇ ಚಿತ್ರ ಬರೆದಂತಿದೆ ಅದು. ತೆಂಗಿನ ಸಸಿ ನೆಟ್ಟು ಬೆಳೆಸಿದ ಯಾವ ರೈತನಿಗೂ ಇದರ ಅರ್ಥ ವಿವರಿಸಬೇಕಿಲ್ಲ.

ಮಂಡಿ ಎಂಬುದು ಮೂರು ಮೂಳೆ ಕೂಡುವ ಜಾಗ. ಮೇಲೆ ತೊಡೆಮೂಳೆ, ಕೆಳಗೆ ಕಣಕಾಲ ಮೂಳೆ, ಮುಂದೆ ಮಂಡಿಚಿಪ್ಪು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ನಡುವೆ ಒತ್ತಡ ಹೀರಲು ಅರ್ಧಚಂದ್ರಾಕಾರದ ಎರಡು ಮೆತ್ತೆಗಳು. ಸೊಂಟದ ಕೀಲಿನಿಂದ ಪಾದದ ಕೀಲಿಗೆ ಒಂದು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಮಂಡಿಯ ನಡುವೆ ಹಾಯಬೇಕು. ಮಂಡಿ ಒಳಕ್ಕೆ ಸರಿದರೆ ಭಾರ ಹೊರಗಿನ ಮಗ್ಗುಲಿಗೆ ಬೀಳುತ್ತದೆ. ಇದು ಮಂಡಿ ತಾಗುವ ಕಾಲು. ಮಂಡಿ ಹೊರಕ್ಕೆ ಬಾಗಿದರೆ ಭಾರ ಒಳ ಮಗ್ಗುಲಿಗೆ, ಇದು ಬಿಲ್ಲುಗಾಲು. ಎತ್ತಿನ ಗಾಡಿಯ ಗಾಲಿ ವಾಲಿದರೆ ಪಟ್ಟಿ ಒಂದೇ ಕಡೆ ಸವೆಯುವಂತೆ, ಮೃದ್ವಸ್ಥಿಯೂ ಒಂದೇ ಕಡೆ ಸವೆಯುವ ಸಂಭವ ಇಲ್ಲಿರುತ್ತದೆ. ಈಗಾಗಲೇ ಮಂಡಿ ಸವೆತ ಇದ್ದವರನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2001ರಲ್ಲಿ ಇದನ್ನೇ ಹೇಳಿತು: ಕಾಲು ಯಾವ ಕಡೆ ವಾಲಿದೆಯೋ ಅದರ ಮೇಲೆ ಸವೆತ ಯಾವ ಮಗ್ಗುಲಲ್ಲಿ ಬೇಗ ಹೆಚ್ಚುತ್ತದೆ ಎಂಬುದು ನಿಂತಿದೆ.

ಎಲ್ಲ ಮಕ್ಕಳ ಕಾಲೂ ಒಮ್ಮೆ ಸೊಟ್ಟ

ಇಷ್ಟು ಓದಿ ತಾಯಂದಿರು ಗಾಬರಿಯಾಗಬೇಕಿಲ್ಲ. ಹುಟ್ಟಿದ ಮಗುವಿನ ಕಾಲು ಬಿಲ್ಲಿನಂತೆ ಬಾಗಿರುವುದೇ ಸಹಜ. ಹದಿನೆಂಟು ತಿಂಗಳಿಂದ ಎರಡು ವರ್ಷದೊಳಗೆ ಅದು ನೆಟ್ಟಗಾಗುತ್ತದೆ. ಅಲ್ಲಿಗೇ ನಿಲ್ಲದೆ ಇನ್ನೊಂದು ಕಡೆಗೆ ವಾಲಿ, ಮೂರು–ನಾಲ್ಕನೆಯ ವಯಸ್ಸಿನಲ್ಲಿ ಮಂಡಿ ತಾಗುವುದು ಎದ್ದು ಕಾಣುತ್ತದೆ. ಏಳು ವರ್ಷದ ಹೊತ್ತಿಗೆ ದೊಡ್ಡವರ ಆಕಾರಕ್ಕೆ ಬಂದು ನಿಲ್ಲುತ್ತದೆ. ಫಿನ್ಲೆಂಡಿನ ವೈದ್ಯರು ಸಾವಿರಕ್ಕೂ ಹೆಚ್ಚು ಮಕ್ಕಳ ಕಾಲು ಪರೀಕ್ಷಿಸಿ 1975ರಲ್ಲಿ ದಾಖಲಿಸಿದ ಕ್ರಮ ಇದು. ದೊಡ್ಡವರಲ್ಲೂ ಮಂಡಿ ಒಳಮುಖವಾಗಿ ಐದಾರು ಡಿಗ್ರಿ ವಾಲಿರುವುದು ಸಾಮಾನ್ಯ. ಹೀಗಾಗಿ ಅಂಗನವಾಡಿ ಮಗುವಿನ ಮಂಡಿ ತಾಗುವುದಕ್ಕೆ ಪಟ್ಟಿ, ವಿಶೇಷ ಬೂಟು ಯಾವುದೂ ಬೇಡ.

ಎಚ್ಚರ ಬೇಕಾದ ಸಂದರ್ಭಗಳೇ ಬೇರೆ. ಏಳೆಂಟು ವರ್ಷ ದಾಟಿದರೂ ಮಂಡಿ ತಾಗುವುದು ಕಡಿಮೆಯಾಗದೆ ಹೆಚ್ಚುತ್ತಿದ್ದರೆ, ಎರಡು ಕಾಲಿನ ಪೈಕಿ ಒಂದೇ ಕಾಲು ವಾಲಿದ್ದರೆ, ಮಗು ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ, ಮಂಡಿ ಊದಿಕೊಂಡಿದ್ದರೆ, ಕುಂಟುತ್ತಿದ್ದರೆ ಅಥವಾ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು.

ಮನೆಯಲ್ಲೇ ಅಳೆಯುವುದು ಕಷ್ಟವಲ್ಲ. ಮಗುವನ್ನು ಬರಿಗಾಲಿನಲ್ಲಿ, ಮಂಡಿಚಿಪ್ಪು ನೇರ ಮುಂದಕ್ಕೆ ನೋಡುವಂತೆ ನಿಲ್ಲಿಸಿ. ಎರಡೂ ಮಂಡಿ ಒತ್ತದೆ ಹಗುರವಾಗಿ ತಾಗಲಿ. ಈಗ ಎರಡೂ ಪಾದಗಳ ಒಳಗಡೆಯ ಗೆಣ್ಣುಗಳ ನಡುವಿನ ಅಂತರ ಅಳೆಯಿರಿ. ಬಿಲ್ಲುಗಾಲಾದರೆ ಪಾದ ಜೋಡಿಸಿ ಮಂಡಿಗಳ ನಡುವೆ ಅಳೆಯಬೇಕು. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಗೆಣ್ಣುಗಳ ಅಂತರ 8 ಸೆಂ.ಮೀ. ಮೀರಿದರೆ ವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದು. ಆರು ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೆ, ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ತಾನೇ ತಿಳಿಯುತ್ತದೆ.

ಒಂದು ಸೂಕ್ಷ್ಮವಿದೆ. ತೊಡೆ ದಪ್ಪವಿರುವ ಮಕ್ಕಳಲ್ಲಿ ಮೂಳೆ ನೆಟ್ಟಗಿದ್ದರೂ ಪಾದ ಕೂಡುವುದಿಲ್ಲ. ಚಪ್ಪಟೆ ಪಾದದವರು, ಮಂಡಿಯನ್ನು ಹಿಂದಕ್ಕೆ ನೂಕಿ ನಿಲ್ಲುವ ಅಭ್ಯಾಸದವರು ಕೂಡ ಮಂಡಿ ತಾಗಿದಂತೆ ಕಾಣುತ್ತಾರೆ. ಇದು ತೋರಿಕೆಯ ವಾಲುವಿಕೆ. ಮೂಳೆಯದೋ ತೋರಿಕೆಯದೋ ಎಂಬುದನ್ನು ಸೊಂಟದಿಂದ ಪಾದದವರೆಗೆ ನಿಲ್ಲಿಸಿ ತೆಗೆದ ಕ್ಷಕಿರಣ ಚಿತ್ರ ತೀರ್ಮಾನಿಸುತ್ತದೆ. ವ್ಯಾಯಾಮ ಮತ್ತು ತೂಕ ಇಳಿಕೆಯಿಂದ ‘ಕಾಲು ನೆಟ್ಟಗಾಯಿತು’ ಎಂದು ಹೇಳುವವರಲ್ಲಿ ಬಹುಪಾಲು ಜನ ಈ ತೋರಿಕೆಯ ಗುಂಪಿನವರು.

ನೀರಿನಲ್ಲೂ ಇದೆ ಕಾರಣ

ಮೂಳೆ ವಾಲಲು ಕಾರಣಗಳು ಹಲವು. ಕೆಲವರಿಗೆ ವಂಶದಿಂದ ಬಂದಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮಂಡಿಯ ಬಳಿ ಮೂಳೆ ಮುರಿದಿದ್ದರೆ ಒಂದು ಕಡೆ ಬೆಳವಣಿಗೆ ನಿಂತು ಕಾಲು ವಾಲಬಹುದು. ವಿಟಮಿನ್ ‘ಡಿ’ ಮತ್ತು ಸುಣ್ಣದ ಅಂಶ ಸಾಲದೆ ಬರುವ ರಿಕೆಟ್ಸ್ ಇನ್ನೊಂದು ಕಾರಣ. ಮೂಳೆ ಗಟ್ಟಿಯಾಗದೆ ದೇಹದ ಭಾರಕ್ಕೇ ಬಾಗುವ ಕಾಯಿಲೆ ಇದು. ಬೇಗ ಗುರುತಿಸಿದರೆ ಔಷಧಿಯಿಂದಲೇ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಬಯಲುಸೀಮೆಯವರು ಮರೆಯಬಾರದ ಕಾರಣ ಫ್ಲೋರೈಡ್. ಭಾರತದಲ್ಲಿ ಫ್ಲೋರೋಸಿಸ್ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳಾದ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಇಂದಿನ ತೆಲಂಗಾಣದ ನಲ್ಗೊಂಡ ಕಡೆಯ ಹಳ್ಳಿಗಳಲ್ಲಿ ಹದಿವಯಸ್ಸಿನವರ ಮಂಡಿಗಳು ತೀವ್ರವಾಗಿ ಒಳಕ್ಕೆ ವಾಲಿರುವುದನ್ನು 1973ರಲ್ಲಿ ಜಗತ್ತಿನ ಗಮನಕ್ಕೆ ತಂದರು. ಕುಡಿಯುವ ನೀರಿನ ಫ್ಲೋರೈಡ್ ಜೊತೆ ಪೌಷ್ಟಿಕಾಂಶದ ಕೊರತೆಯೂ ಸೇರಿದಾಗ ಎಳೆಯ ಮೂಳೆಗೆ ಬರುವ ಪೆಟ್ಟು ಅದು. ನಮ್ಮ ತುಮಕೂರು ಜಿಲ್ಲೆಯಲ್ಲೂ ಪಾವಗಡ, ಸಿರಾ ಮೊದಲಾದ ಕಡೆ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಉತ್ತಮ; ಬೇರೆ ನೀರು ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೀರು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ತೋಟದ ಕೊಳವೆ ಬಾವಿಯ ನೀರನ್ನೇ ಕುಡಿಯುವ ಮನೆಗಳು ಅದನ್ನು ಒಮ್ಮೆ ಪರೀಕ್ಷೆಗೆ ಕೊಡುವುದು ಮಕ್ಕಳ ಕಾಲಿಗೆ ಮಾಡುವ ಮೊದಲ ಚಿಕಿತ್ಸೆ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಲ್ಲೇ ಒಂದು ಕಾಯಿಲೆ ಇದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮಂಡಿಯ ಕೀಲುಗಳನ್ನು ಹಾಳುಗೆಡವುತ್ತದೆ. ಅದು ವಂಶವಾಹಿಯಿಂದ ಬರುವ ಮೂಳೆ ದೋಷವೆಂದು ಸಂಶೋಧಕರು ಆಮೇಲೆ ಗುರುತಿಸಿದರು. ಕಾಲು ವಾಲಿದ ಪ್ರತಿಯೊಬ್ಬರಿಗೂ ಒಂದೇ ವ್ಯಾಯಾಮದ ಚೀಟಿ ಬರೆದುಕೊಡಲಾಗದು ಎಂಬುದಕ್ಕೆ ಇಷ್ಟು ಸಾಕು. ಮೊದಲು ಕಾರಣ, ಆಮೇಲೆ ಚಿಕಿತ್ಸೆ.

ಬಾಗಿಲು ಮುಚ್ಚುವ ವೇಳೆ

ಎಳೆಯರ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ. ಎತ್ತರ ಹೆಚ್ಚುವುದು ಅಲ್ಲಿಂದಲೇ. ಮಂಡಿಯ ಬಳಿಯ ಈ ಪಟ್ಟಿಗಳು ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿ, ಗಂಡುಮಕ್ಕಳಲ್ಲಿ ಹದಿನಾರರ ಆಸುಪಾಸಿನಲ್ಲಿ ತಮ್ಮ ಕೆಲಸ ಮುಗಿಸುತ್ತವೆ. ಅವು ತೆರೆದಿರುವಾಗ ವೈದ್ಯರ ಕೈಯಲ್ಲಿ ಒಂದು ಸರಳ ಉಪಾಯವಿದೆ. ಮಂಡಿಯ ಒಳ ಮಗ್ಗುಲಿನ ಪಟ್ಟಿಗೆ ಅಡ್ಡಲಾಗಿ ಪುಟ್ಟ ಲೋಹದ ತಗಡನ್ನು ಎರಡು ಸ್ಕ್ರೂಗಳಿಂದ ಕೂರಿಸುತ್ತಾರೆ. ಆ ಮಗ್ಗುಲಿನ ಬೆಳವಣಿಗೆ ತಡೆಯುತ್ತದೆ, ಹೊರ ಮಗ್ಗುಲು ಬೆಳೆಯುತ್ತಾ ಹೋಗುತ್ತದೆ, ವರ್ಷದ ಸುಮಾರಿಗೆ ಕಾಲು ನೆಟ್ಟಗಾಗುತ್ತದೆ. ಆಮೇಲೆ ತಗಡು ತೆಗೆಯುತ್ತಾರೆ. ಆಂದ್ರಿಯ ಗೂಟ ಮತ್ತು ಹಗ್ಗದ ಇಂದಿನ ರೂಪ ಇದು.

ಪಟ್ಟಿ ಮುಚ್ಚಿದ ಮೇಲೆ ಈ ಉಪಾಯ ನಡೆಯದು. ಆಗ ಉಳಿಯುವುದು ಮೂಳೆ ಕತ್ತರಿಸಿ, ಕೋನ ಸರಿಪಡಿಸಿ, ತಗಡು ಹಾಕಿ ಕೂಡಿಸುವ ದೊಡ್ಡ ಶಸ್ತ್ರಚಿಕಿತ್ಸೆ. ಗುಣವಾಗಲು ತಿಂಗಳುಗಳು ಬೇಕು. ವಾಲುವಿಕೆ ತೀವ್ರವಿದ್ದು ನೋವು, ಸವೆತ ಇದ್ದವರಿಗೆ ಅದು ವರ. ಭರ್ತಿಯ ದಿನಾಂಕ ಹತ್ತಿರ ಬಂತೆಂದೋ ಕನ್ನಡಿಯಲ್ಲಿ ಚೆನ್ನಾಗಿ ಕಾಣಲೆಂದೋ ಅದಕ್ಕೆ ಮುಗಿಬೀಳುವುದು ಬುದ್ಧಿವಂತಿಕೆಯಲ್ಲ.

ಇನ್ನು ಹಗ್ಗ ಬಿಗಿಯುವ ಮಾತು. ಹದಿನೆಂಟರ ಹುಡುಗ ಪಾದ ಬಿಗಿದು ಮಲಗಿದರೆ ಮೂಳೆ ಕದಲುವುದಿಲ್ಲ. ಎಳೆತವೆಲ್ಲ ಮಂಡಿಯ ಮಗ್ಗುಲಿನ ಕಟ್ಟುಗಳ ಮೇಲೆ ಬೀಳುತ್ತದೆ. ಆ ಕಟ್ಟುಗಳು ಸಡಿಲವಾದರೆ ಇದ್ದ ಮಂಡಿಯೂ ಕೆಟ್ಟಂತೆ.

ಹಾಗಾದರೆ ವ್ಯಾಯಾಮ ಏತಕ್ಕೆ?

ನಿಂತಾಗ ನೆಟ್ಟಗೆ ಕಾಣುವ ಕಾಲು ಮೆಟ್ಟಿಲಿಳಿಯುವಾಗ, ಹಾರಿ ಇಳಿಯುವಾಗ, ಬಸ್ಕಿ ಹೊಡೆಯುವಾಗ ಒಳಕ್ಕೆ ವಾಲುವುದುಂಟು. ಇದಕ್ಕೆ ಮುಖ್ಯ ಕಾರಣ ಮಂಡಿಯಲ್ಲಿಲ್ಲ, ಸೊಂಟದ ಪಕ್ಕದಲ್ಲಿದೆ. ಪೃಷ್ಠದ ಮತ್ತು ಸೊಂಟದ ಹೊರ ಮಗ್ಗುಲಿನ ಸ್ನಾಯುಗಳು ತೊಡೆಮೂಳೆ ಒಳಕ್ಕೆ ತಿರುಗದಂತೆ ಹಿಡಿಯುತ್ತವೆ. ಅವು ಸೊರಗಿದ್ದರೆ ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿ ಜೊತೆಗೇ ಹೋಗುತ್ತದೆ, ಮಂಡಿಚಿಪ್ಪು ತನ್ನ ಕಾಲುವೆ ಬಿಟ್ಟು ಒರೆಸಿಕೊಂಡು ಓಡಾಡುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂತು, ರಾತ್ರಿ ಓದುತ್ತಲೋ ಮೊಬೈಲು ಹಿಡಿದೋ ಕೂರುವ ವಿದ್ಯಾರ್ಥಿಯಲ್ಲಿ ಈ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ.

ಇದರ ಮೊದಲ ಸೂಚನೆ ಮಂಡಿಚಿಪ್ಪಿನ ಸುತ್ತ, ಅದರ ಹಿಂದೆ ಕಾಣುವ ನೋವು. ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕೂತು ಏಳುವಾಗ, ಬಹಳ ಹೊತ್ತು ಬಸ್ಸಿನಲ್ಲೋ ಸಿನಿಮಾದಲ್ಲೋ ಕೂತು ಎದ್ದಾಗ ನೋಯುತ್ತದೆ. ಹದಿಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಇದು ಬಹು ಸಾಮಾನ್ಯ. ಈ ನೋವಿಗೆ ಸೊಂಟ ಮತ್ತು ತೊಡೆ ಎರಡರ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮವೇ ಉತ್ತಮ ಚಿಕಿತ್ಸೆ ಎಂದು ಈ ವಿಷಯದ ತಜ್ಞರು 2018ರಲ್ಲಿ ಒಮ್ಮತದಿಂದ ಹೇಳಿದ್ದಾರೆ. ಮೂಳೆಯೇ ವಾಲಿದವರಿಗೂ ಇದರಿಂದ ಲಾಭವುಂಟು. ಗೆಣ್ಣುಗಳ ನಡುವಿನ ಅಂತರ ಬದಲಾಗದಿದ್ದರೂ, ನಡಿಗೆಯಲ್ಲಿ ಮಂಡಿ ಇನ್ನಷ್ಟು ಒಳಕ್ಕೆ ಬೀಳುವುದು ತಪ್ಪುತ್ತದೆ. ಕೀಲಿನ ಮೇಲಿನ ಹೊರೆಯನ್ನು ಸ್ನಾಯು ಹಂಚಿಕೊಳ್ಳುತ್ತದೆ.

ಹಳೇ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಉಸ್ತಾದರು ಹುಡುಗನನ್ನು ಸೇರಿಸಿಕೊಂಡ ದಿನವೇ ಕಣಕ್ಕೆ ಬಿಡುತ್ತಿರಲಿಲ್ಲ. ದಂಡೆ, ಬಸ್ಕಿ, ಸಾಮು ಎಂದು ಮೊದಲು ಮೈ ಹದ ಮಾಡಿಸುತ್ತಿದ್ದರು. ಹದವಾದ ಮಂಡಿಗೆ ಪೂರ್ತಿ ಬಸ್ಕಿ ಕೆಟ್ಟದ್ದಲ್ಲ. ಆದರೆ ನೋಯುತ್ತಿರುವ ಮಂಡಿಗೆ ನೂರು ಬಸ್ಕಿ ಮದ್ದಲ್ಲ. ಶುರು ಕೆಳಗಿನಿಂದ ಆಗಬೇಕು.

ಮನೆಯಲ್ಲೇ ಮಾಡಬಹುದಾದ ಎಂಟು

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಇಪ್ಪತ್ತೈದು ನಿಮಿಷ ಸಾಕು. ಒಂದೊಂದನ್ನೂ ಹತ್ತರಿಂದ ಹನ್ನೆರಡು ಸಲ, ಎರಡು ಸರದಿಯಲ್ಲಿ ಮಾಡಬೇಕು. ಎರಡೂ ಕಾಲಿಗೆ ಸಮನಾಗಿ ಇರಲಿ.

1. ತೊಡೆ ಬಿಗಿಯುವುದು: ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಅದನ್ನು ನೆಲಕ್ಕೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ನೋವಿದ್ದವರೂ ಮಾಡಬಹುದಾದ ಮೊದಲ ಪಾಠ ಇದು.

2. ನೇರ ಕಾಲು ಎತ್ತುವುದು: ಅಂಗಾತ ಮಲಗಿ ಒಂದು ಮಂಡಿ ಮಡಿಸಿ. ಇನ್ನೊಂದು ಕಾಲನ್ನು ಬಿಗಿಹಿಡಿದು ಒಂದಡಿ ಎತ್ತರಕ್ಕೆ ಎತ್ತಿ, ನಿಧಾನಕ್ಕೆ ಇಳಿಸಿ.

3. ಮಗ್ಗುಲಿನಲ್ಲಿ ಕಾಲು ಎತ್ತುವುದು: ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ತುಸು ಹಿಂದಕ್ಕೆ ಒಯ್ದು ಎತ್ತಿ. ಹೆಬ್ಬೆರಳು ಆಕಾಶ ನೋಡಬಾರದು, ಮುಂದಕ್ಕೆ ನೋಡಬೇಕು. ಸೊಂಟದ ಪಕ್ಕ ಉರಿ ಬಂದರೆ ಸರಿಯಾದ ಸ್ನಾಯು ದುಡಿಯುತ್ತಿದೆ ಎಂದರ್ಥ.

4. ಚಿಪ್ಪು ತೆರೆಯುವುದು: ಅದೇ ಮಗ್ಗುಲಿನಲ್ಲಿ ಎರಡೂ ಮಂಡಿ ಮಡಿಸಿ, ಹಿಮ್ಮಡಿ ಜೋಡಿಸಿ. ಹಿಮ್ಮಡಿ ಬಿಡಿಸದೆ ಮೇಲಿನ ಮಂಡಿಯನ್ನು ಮಾತ್ರ ತೆರೆದು ಮುಚ್ಚಿ. ಸೊಂಟ ಹಿಂದಕ್ಕೆ ಉರುಳಬಾರದು.

5. ಸೇತುವೆ: ಅಂಗಾತ ಮಲಗಿ ಎರಡೂ ಮಂಡಿ ಮಡಿಸಿ, ಪೃಷ್ಠ ಬಿಗಿದು ಸೊಂಟ ಎತ್ತಿ ಮೂರು ಸೆಕೆಂಡ್ ನಿಲ್ಲಿಸಿ. ಯೋಗ ಕಲಿತವರಿಗೆ ಇದು ಸೇತುಬಂಧದ ಪರಿಚಯದ ಭಂಗಿ.

6. ಕುರ್ಚಿ ಬಸ್ಕಿ: ಕುರ್ಚಿಯ ಮುಂದೆ ನಿಂತು, ಕೈ ಊರದೆ ನಿಧಾನಕ್ಕೆ ಕೂತು ಏಳಿ. ಮಂಡಿ ಕಾಲಿನ ಎರಡನೆಯ ಬೆರಳಿನ ನೇರಕ್ಕೇ ಇರಬೇಕು. ಕನ್ನಡಿಯ ಮುಂದೆ ಮಾಡಿದರೆ ತಪ್ಪು ತಾನೇ ಕಾಣುತ್ತದೆ.

7. ಮೆಟ್ಟಿಲು ಇಳಿಯುವುದು: ಗೇಣಿಗಿಂತ ಕಡಿಮೆ ಎತ್ತರದ ಮೆಟ್ಟಿಲ ಮೇಲೆ ಒಂದು ಕಾಲಿನಲ್ಲಿ ನಿಂತು, ಇನ್ನೊಂದರ ಹಿಮ್ಮಡಿ ನೆಲಕ್ಕೆ ತಾಗಿಸಿ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲಿದರೆ ಅಷ್ಟಕ್ಕೇ ನಿಲ್ಲಿಸಿ, ಎತ್ತರ ಕಡಿಮೆ ಮಾಡಿ.

8. ಒಂಟಿಕಾಲು ಮತ್ತು ಹಿಮ್ಮಡಿ: ಒಂದೊಂದು ಕಾಲಿನಲ್ಲಿ ಮೂವತ್ತು ಸೆಕೆಂಡ್ ನಿಲ್ಲಿ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಗಟ್ಟಿಯಾಗುತ್ತದೆ, ಪಾದದ ಕಮಾನು ನಿಲ್ಲುತ್ತದೆ.

ಕೊನೆಯಲ್ಲಿ ತೊಡೆಯ ಹಿಂಭಾಗ ಮತ್ತು ಮೀನಖಂಡವನ್ನು ಮೂವತ್ತು ಸೆಕೆಂಡ್ ಹಿಗ್ಗಿಸುವುದು ಮರೆಯಬಾರದು. ಮಾಡುವಾಗ ಸ್ವಲ್ಪ ನೋವಾಗಿ ಮರುದಿನ ಬೆಳಿಗ್ಗೆ ಹೊತ್ತಿಗೆ ಹೋದರೆ ತೊಂದರೆಯಿಲ್ಲ. ಮಂಡಿ ಊದಿದರೆ, ಹಿಡಿದುಕೊಂಡು ಮಡಿಸಲಾಗದಿದ್ದರೆ, ನಡೆಯುವಾಗ ಹಠಾತ್ತನೆ ಕುಸಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಫಲ ಒಂದು ವಾರದಲ್ಲಿ ಕಾಣದು. ಆರರಿಂದ ಹನ್ನೆರಡು ವಾರ ಬೇಕು. ಅಟ್ಟಕ್ಕೇರಿಸಿದ ಕಾಯಿಯನ್ನು ದಿನಾ ಒಡೆದು ನೋಡಿದರೆ ಕೊಬ್ಬರಿಯಾಗುತ್ತದೆಯೇ?

ಓಟ, ಕಬಡ್ಡಿ ಮತ್ತು ಭಯ

ಓಡಿದರೆ ಮಂಡಿ ಸವೆಯುತ್ತದೆ ಎಂದು ಮಕ್ಕಳನ್ನು ತಡೆಯುವ ಹಿರಿಯರಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಬೇರೆಯದನ್ನೇ ಹೇಳಿತು. ಸೊಂಟ ಅಥವಾ ಮಂಡಿಯ ಸವೆತ ಕಂಡದ್ದು ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5 ಮಂದಿಯಲ್ಲಿ, ಓಡದೆ ಕೂತಿರುವವರಲ್ಲಿ ಶೇ 10.2 ಮಂದಿಯಲ್ಲಿ. ಸ್ಪರ್ಧೆಗೆಂದೇ ವಿಪರೀತ ಓಡುವವರಲ್ಲಿ ಮಾತ್ರ ಅದು ಶೇ 13.3. ಅಂದರೆ ಹಿತಮಿತದ ಓಟ ಮಂಡಿಗೆ ಶತ್ರುವಲ್ಲ. ಶತ್ರು ಅವಸರ. ಅರ್ಜಿ ಕರೆದ ಮೇಲೆ ಎದ್ದು ಎರಡೇ ತಿಂಗಳಲ್ಲಿ 1600 ಮೀಟರ್ ಗೆಲ್ಲಲು ಡಾಂಬರು ರಸ್ತೆಯಲ್ಲಿ ದಿನಾ ಓಡುವ ಹುಡುಗನ ಕಣಕಾಲ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದು ಅಪರೂಪವಲ್ಲ.

ಶಾಲೆಯ ಕಬಡ್ಡಿ, ಕೊಕ್ಕೊ ಅಂಗಳಗಳಲ್ಲಿ ಮಂಡಿ ತಿರುಚಿ ಒಳಗಿನ ಕಟ್ಟು ಹರಿಯುವುದು ಇನ್ನೊಂದು ಅಪಾಯ. ಹಾರಿ ಇಳಿದಾಗ ಮಂಡಿ ಒಳಕ್ಕೆ ಬೀಳುವವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಇದರ ಭಯ ಹೆಚ್ಚು. ಇದಕ್ಕೆ ತಡೆಯುಂಟು. ‘ಫಿಫಾ 11 ಪ್ಲಸ್’ ಎಂಬ ಇಪ್ಪತ್ತು ನಿಮಿಷದ ಮೈಬಿಸಿ ಕ್ರಮವನ್ನು ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಸುಮಾರು 1900 ಬಾಲಕಿಯರಲ್ಲಿ ಪರೀಕ್ಷಿಸಿದರು. 2008ರಲ್ಲಿ ಹೊರಬಂದ ಫಲಿತಾಂಶದಂತೆ, ಅದನ್ನು ಮಾಡಿದವರಲ್ಲಿ ತೀವ್ರ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ನಿಧಾನ ಓಟ, ಒಂಟಿಕಾಲ ನಿಲುವು, ಬಸ್ಕಿ, ಹಾರಿ ಮೆತ್ತಗೆ ಇಳಿಯುವುದು ಇದರಲ್ಲಿ ಸೇರಿವೆ. ಹೆಚ್ಚಿನ ಸಲಕರಣೆ ಬೇಡ. ಯಾವ ಹಳ್ಳಿಯ ದೈಹಿಕ ಶಿಕ್ಷಕರೂ ಮಾಡಿಸಬಹುದು.

ತಟ್ಟೆಯಲ್ಲಿ ಏನಿರಬೇಕು?

ಹದಿಹರೆಯದ ದೇಹಕ್ಕೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಅದರ ಒಂದಂಶವೂ ಇಲ್ಲ. ಮುದ್ದೆ ತಿನ್ನಲು ನಾಚುವ ಮಕ್ಕಳಿಗೆ ರಾಗಿ ರೊಟ್ಟಿಯನ್ನೋ ಅಂಬಲಿಯನ್ನೋ ಕೊಡಬಹುದು. ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು ಉಳಿದದ್ದನ್ನು ತುಂಬುತ್ತವೆ. ಇವೆಲ್ಲ ಮೂಳೆಗೆ ಸೇರಲು ವಿಟಮಿನ್ ‘ಡಿ’ ಬೇಕು, ಅದಕ್ಕೆ ಬಿಸಿಲು ಬೇಕು. ಬೆಳಿಗ್ಗೆ ಬಸ್ಸು, ಹಗಲೆಲ್ಲ ಕೊಠಡಿ, ಸಂಜೆ ಟ್ಯೂಷನ್ ಎಂದು ಬಿಸಿಲನ್ನೇ ಕಾಣದ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ.

ತೂಕವೂ ಮುಖ್ಯ. ತೂಕ ಹೆಚ್ಚಿದ ಮಂಡಿನೋವಿನ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಯಾರಿಗೆ ತೋರಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲೇ ವೈದ್ಯರ ತಂಡ ಪರೀಕ್ಷಿಸುತ್ತದೆ. ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ರಿಕೆಟ್ಸ್ ಕೂಡ ಇದೆ. ತಂಡ ಶಾಲೆಗೆ ಬಂದ ದಿನ ‘ನಮ್ಮ ಮಗುವಿನ ಕಾಲು ನೋಡಿ’ ಎಂದು ಕೇಳಲು ಪೋಷಕರು ಹಿಂಜರಿಯಬಾರದು. ಮೇಲಿನ ಹಂತಕ್ಕೆ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗ, ಇನ್ನೂ ಬೇಕೆಂದರೆ ಬೆಂಗಳೂರಿನ ಸರ್ಕಾರಿ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆ ಇದೆ.

ಸೇನೆಯ ವೈದ್ಯಕೀಯ ಮಾನದಂಡದಲ್ಲಿ ಗೆಣ್ಣುಗಳ ನಡುವಿನ ಅಂತರ ಗಂಡುಮಕ್ಕಳಿಗೆ 5 ಸೆಂ.ಮೀ., ಹೆಣ್ಣುಮಕ್ಕಳಿಗೆ 8 ಸೆಂ.ಮೀ. ಮೀರಬಾರದು ಎಂದಿದೆ, ಬಿಲ್ಲುಗಾಲಿಗೆ ಮಂಡಿಗಳ ನಡುವೆ 7 ಸೆಂ.ಮೀ. ಮಿತಿ. ಅರೆಸೇನಾ ಪಡೆಗಳ ನಿಯಮಗಳಲ್ಲೂ ಮಂಡಿ ತಾಗುವಿಕೆಯ ಪ್ರಸ್ತಾಪವಿದೆ. ನಿಯಮಗಳು ಬದಲಾಗುವುದುಂಟಾದ್ದರಿಂದ ಆಯಾ ವರ್ಷದ ಅಧಿಸೂಚನೆ ಓದಬೇಕು. ಮಿತಿಯ ಅಂಚಿನಲ್ಲಿರುವವರಿಗೆ, ತೊಡೆ ದಪ್ಪದಿಂದ ಅಂತರ ಹೆಚ್ಚಿದವರಿಗೆ ಆರು ತಿಂಗಳ ವ್ಯಾಯಾಮ ಮತ್ತು ತೂಕ ಇಳಿಕೆ ನಿಜಕ್ಕೂ ನೆರವಾಗಬಹುದು. ಮೂಳೆಯೇ ಬಹಳ ವಾಲಿದೆ ಎಂದು ಕ್ಷಕಿರಣ ಹೇಳಿದ ಮೇಲೆ ಮತ್ತೆರಡು ವರ್ಷ ಅದೇ ಬಾಗಿಲು ತಟ್ಟುವ ಬದಲು ಬೇರೆ ಬಾಗಿಲು ನೋಡುವುದು ಲೇಸು. ಮಂಡಿ ತಾಗುವುದು ರೋಗವಲ್ಲ. ಓದಿಗಾಗಲಿ, ಬೇಸಾಯಕ್ಕಾಗಲಿ, ಮದುವೆಗಾಗಲಿ ಅದು ಅಡ್ಡಿಯೂ ಅಲ್ಲ. ಹುಡುಗಿಯ ನಡಿಗೆ ನೋಡಿ ಪಿಸುಗುಟ್ಟುವವರಿಗೆ ಈ ಮಾತು ಗಟ್ಟಿಯಾಗಿಯೇ ಹೇಳಬೇಕು.

ಮಗು ಐದು–ಆರನೆಯ ತರಗತಿಯಲ್ಲಿರುವಾಗ ಅಪ್ಪ ಅಮ್ಮ ಒಂದು ಅಳತೆಪಟ್ಟಿ ಹಿಡಿದು ಎರಡು ನಿಮಿಷ ಕೂತರೆ ಸಾಕು. ಆ ವಯಸ್ಸಿನಲ್ಲಿ ಕಂಡದ್ದಕ್ಕೆ ಮೂಳೆಯ ದಾರಿ ಇನ್ನೂ ತೆರೆದಿರುತ್ತದೆ. ಹದಿನೆಂಟಕ್ಕೆ ಕಂಡದ್ದಕ್ಕೆ ಸ್ನಾಯುವಿನ ದಾರಿ ಇದೆ. ಅದು ಮುಚ್ಚುವುದೇ ಇಲ್ಲ.